ಅರ್ಧ ಮನೆ, ಪೂರ್ತಿ ಮೆಟ್ಟಿಲು

ಹತ್ತು ಮನೆಗೆ ಶೇಕಡಾ ಐದು ಎಷ್ಟು? ಐದನೇ ಕ್ಲಾಸಿನ ಹುಡುಗ ‘ಅರ್ಧ ಮನೆ’ ಅನ್ನುತ್ತಾನೆ. ಗ್ರಾಮ ಪಂಚಾಯಿತಿಯವರು ‘ಸೊನ್ನೆ’ ಅನ್ನುತ್ತಾರೆ. ಇಬ್ಬರ ಲೆಕ್ಕವೂ ಸರಿಯೇ. ಹುಡುಗನದು ಗಣಿತ, ಪಂಚಾಯಿತಿಯದು ಆಡಳಿತ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 37ನೇ ಸೆಕ್ಷನ್ ಬಹಳ ಉದಾರಿ. ಸರ್ಕಾರದ ವಸತಿ ಯೋಜನೆ ಯಾವುದೇ ಇರಲಿ, ಅದರಲ್ಲಿ ಶೇ. 5ರಷ್ಟನ್ನು ನಲವತ್ತು ಪರ್ಸೆಂಟ್ ಮತ್ತು ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೆ ಮೀಸಲಿಡಿ, ಅವರಲ್ಲೂ ಹೆಣ್ಣುಮಕ್ಕಳಿಗೆ ಆದ್ಯತೆ ಕೊಡಿ ಎನ್ನುತ್ತದೆ. ದೆಹಲಿಯಲ್ಲಿ ಕೂತು ಕೋಟಿಗಳಲ್ಲಿ ಯೋಚಿಸುವವರಿಗೆ ಇದು ಚೆನ್ನಾಗಿಯೇ ಕಾಣುತ್ತದೆ. ಒಂದು ಲಕ್ಷ ಮನೆಗೆ ಐದು ಸಾವಿರ, ಕಡಿಮೆಯೇನಲ್ಲ. ಆದರೆ ಮನೆಗಳ ಗುರಿ ಬೆಂಗಳೂರು ದಾಟಿ, ಜಿಲ್ಲೆ ದಾಟಿ, ತಾಲ್ಲೂಕು ದಾಟಿ ಪಂಚಾಯಿತಿಗೆ ಇಳಿಯುವ ಹೊತ್ತಿಗೆ ಹತ್ತೋ ಹದಿನೈದೋ ಆಗಿರುತ್ತದೆ. ಅದನ್ನು ಮತ್ತೆ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಅಲ್ಪಸಂಖ್ಯಾತ, ಸಾಮಾನ್ಯ ಎಂದು ಹಂಚಿದ ಮೇಲೆ ನೋಡಿದರೆ ಅಂಗವಿಕಲರ ಪಾಲಿಗೆ ಒಂದು ಬಾಗಿಲು, ಒಂದೂವರೆ ಕಿಟಕಿ ಉಳಿದಿರುತ್ತದೆ.

‘ಅರ್ಧ ಮನೆ ಕೊಡೋಕೆ ಬರಲ್ಲ ಸಾರ್, ಕಂಪ್ಯೂಟರ್ ತಗೊಳ್ಳಲ್ಲ’ ಎನ್ನುತ್ತಾರೆ ಪಿಡಿಒ.

‘ಹಾಗಿದ್ದರೆ ಪೂರ್ತಿ ಒಂದು ಕೊಟ್ಟುಬಿಡಿ.’

‘ಒಂದು ಕೊಟ್ರೆ ಹತ್ತು ಪರ್ಸೆಂಟ್ ಆಗೋಗುತ್ತೆ. ಆಡಿಟ್‌ನೋರು ಕೇಳಿದ್ರೆ ಯಾರು ಉತ್ತರ ಹೇಳೋದು?’

ಇದು ಯಾವ ಪಂಚಾಯಿತಿ ಎಂದು ಹುಡುಕಬೇಡಿ. ಈ ಬರಹದಲ್ಲಿ ಬರುವ ಪಂಚಾಯಿತಿ, ಪಿಡಿಒ, ಎಂಜಿನಿಯರ್, ಮುಂದೆ ಬರಲಿರುವ ಹೊಲಿಗೆಯ ಹೆಣ್ಣುಮಗಳು ಎಲ್ಲರೂ ನನ್ನ ಕಲ್ಪನೆ. ಕಾಯ್ದೆ, ನಿಯಮ, ಮಾರ್ಗಸೂಚಿ, ಅಳತೆಗಳು ಮಾತ್ರ ಸರ್ಕಾರದವು. ಎರಡರಲ್ಲಿ ಯಾವುದನ್ನು ನಂಬುವುದು ಹೆಚ್ಚು ಕಷ್ಟ ಎಂಬುದನ್ನು ನೀವೇ ತೀರ್ಮಾನಿಸಿ.

ಹೊಲಿಗೆಯ ಹೆಣ್ಣುಮಗಳಿಗೆ ನಲವತ್ತರ ಆಸುಪಾಸು. ಚಿಕ್ಕಂದಿನಲ್ಲಿ ಪೋಲಿಯೋ ಆಗಿ ಎರಡೂ ಕಾಲು ಸ್ವಾಧೀನದಲ್ಲಿಲ್ಲ. ಅಣ್ಣನ ಮನೆಯ ಜಗುಲಿಯಲ್ಲಿ ಹೊಲಿಗೆ ಮಿಷನ್ನು, ಅದರ ಪಕ್ಕದಲ್ಲಿ ಹಾಸಿಗೆ. ಊರಿನ ಅರ್ಧ ಹೆಂಗಸರ ರವಿಕೆ ಅವಳ ಕೈಯದೇ. ಅವಳು ಮನೆಗೆ ಅರ್ಜಿ ಹಾಕಿದಳು. ಎದುರಾದ ಮೊದಲ ಅಡ್ಡಿ ಅಣ್ಣ. ಅಣ್ಣನಿಗೆ ಆರ್‌ಸಿಸಿ ಮನೆ ಇದೆ, ಅಣ್ಣನ ರೇಷನ್ ಕಾರ್ಡಿನಲ್ಲಿ ಇವಳ ಹೆಸರಿದೆ, ಆದ್ದರಿಂದ ಇವಳಿಗೂ ಆರ್‌ಸಿಸಿ ಮನೆ ಇದೆ. ಬೇರೆ ಕಾರ್ಡು ಮಾಡಿಸಿಕೊಂಡು ಬಾ ಎಂದರು. ಬೇರೆ ಕಾರ್ಡು ಬೇಕೆಂದರೆ ಬೇರೆ ಮನೆ, ಬೇರೆ ಒಲೆ ತೋರಿಸಬೇಕು. ಬೇರೆ ಮನೆ ಬೇಕೆಂದರೆ ಬೇರೆ ಕಾರ್ಡು ತೋರಿಸಬೇಕು. ಕಾಲಿದ್ದವರೇ ಈ ವೃತ್ತ ಸುತ್ತಿ ಸುಸ್ತಾಗುತ್ತಾರೆ. ಇವಳಿಗಾದರೂ ಗಾಲಿಯಿದೆ.

ಎರಡನೆಯ ಅಡ್ಡಿ ಅವಳ ಸ್ಕೂಟರು. ಅಂಗವಿಕಲರಿಗೆ ಯಂತ್ರಚಾಲಿತ ದ್ವಿಚಕ್ರ ವಾಹನ ಕೊಡುವ ಯೋಜನೆ ಕರ್ನಾಟಕದಲ್ಲಿದೆ. ಒಳ್ಳೆಯ ಯೋಜನೆ, ಅದರಿಂದ ಎಷ್ಟೋ ಜನ ಮನೆಯಿಂದಾಚೆ ಬಂದಿದ್ದಾರೆ. ಆಚೆ ಬಂದದ್ದೇ ತಪ್ಪಾಯಿತು. 2016ರಲ್ಲಿ ಬಂದ ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆಯ ನಿಯಮದಲ್ಲಿ ಮೋಟಾರಿರುವ ಎರಡು, ಮೂರು ಅಥವಾ ನಾಲ್ಕು ಚಕ್ರದ ವಾಹನವಿದ್ದ ಕುಟುಂಬ ತನ್ನಷ್ಟಕ್ಕೆ ಪಟ್ಟಿಯಿಂದ ಹೊರಗೆ. ವಾಹನ ಕೊಟ್ಟವರು ಸರ್ಕಾರದವರೋ ಸೋದರಮಾವನೋ ಎಂಬ ಭೇದವನ್ನು ಆ ಸಾಲು ಮಾಡುವುದಿಲ್ಲ. ಬಲಗೈ ಸ್ಕೂಟರ್ ಕೊಟ್ಟಿತು, ಎಡಗೈ ಮನೆ ಕಿತ್ತುಕೊಂಡಿತು. 2024ರಲ್ಲಿ ದಯೆ ಬಂದು ದ್ವಿಚಕ್ರವನ್ನು ಆ ಸಾಲಿನಿಂದ ಕೈಬಿಟ್ಟರು. ಈಗ ಹೊಸ ಜಿಜ್ಞಾಸೆ: ಸ್ಕೂಟರಿನ ಹಿಂದೆ ಎರಡು ಆಸರೆ ಚಕ್ರ ಸೇರಿಸಿದರೆ ಅದು ದ್ವಿಚಕ್ರವೋ ಚತುಶ್ಚಕ್ರವೋ? ನಮ್ಮ ಪಂಚಾಯಿತಿಯ ಬಿಲ್ ಕಲೆಕ್ಟರ್ ಬಗ್ಗಿ ಚಕ್ರ ಎಣಿಸುತ್ತಿದ್ದಾನೆ.

ಪಟ್ಟಿ ಅಂತಿಮವಾಗುವುದು ಗ್ರಾಮಸಭೆಯಲ್ಲಿ. ಜನರೇ ಜನರನ್ನು ಆರಿಸುವ ಈ ಏರ್ಪಾಟಿನ ಬಗ್ಗೆ ನನಗೆ ಗೌರವವಿದೆ. ಅಂಗವಿಕಲರಿಗೇ ಎಂದು ಪ್ರತ್ಯೇಕ ಸಮನ್ವಯ ಗ್ರಾಮಸಭೆ ನಡೆಸುವ ಪದ್ಧತಿಯೂ ನಮ್ಮಲ್ಲಿದೆ. ನಮ್ಮ ಕಲ್ಪಿತ ಪಂಚಾಯಿತಿ ಅದನ್ನು ಸಮುದಾಯ ಭವನದ ಮೊದಲ ಮಹಡಿಯಲ್ಲಿ ಇಟ್ಟುಕೊಂಡಿತ್ತು, ಕೆಳಗೆ ಮದುವೆ ಇತ್ತಲ್ಲ. ಗಾಲಿಕುರ್ಚಿಯವರು ಕೆಳಗೇ ಉಳಿದರು, ಒಂದಿಬ್ಬರಿಗೆ ಮದುವೆ ಊಟ ಸಿಕ್ಕಿತು. ಕಿವಿ ಕೇಳದವರಿಗೆ ಅಧ್ಯಕ್ಷರು ಮೈಕಿನಲ್ಲಿ ಸವಲತ್ತುಗಳನ್ನು ವಿವರಿಸಿದರು. ನಡಾವಳಿಯಲ್ಲಿ ಬರೆದದ್ದು ಇಷ್ಟು: ‘ಸಭೆಯಲ್ಲಿ ವಸತಿ ಕೋರಿ ಯಾವುದೇ ಬೇಡಿಕೆ ಬಂದಿರುವುದಿಲ್ಲ.’

ಆದರೂ ನಮ್ಮ ಹೊಲಿಗೆಯವಳಿಗೆ ಮನೆ ಸಿಕ್ಕಿತು. ಹೇಗೆ ಅಂದರೆ, ಒಬ್ಬ ಸದಸ್ಯರ ಹೆಂಡತಿಗೆ ರವಿಕೆ ಹೊಲಿಯುತ್ತಿದ್ದಳು. ಸಾಮಾಜಿಕ ನ್ಯಾಯಕ್ಕೆ ಇಂಥ ಓಣಿಗಳೂ ಇವೆ.

ಮಂಜೂರಾದ ಹಣ 1.20 ಲಕ್ಷ ರೂಪಾಯಿ. ಬಯಲುಸೀಮೆಗೆ 2016ರಲ್ಲೂ ಇಷ್ಟೇ, 2024ರಲ್ಲಿ ಇನ್ನೂ ಎರಡು ಕೋಟಿ ಮನೆ ಕಟ್ಟುತ್ತೇವೆಂದು ಕೇಂದ್ರ ಸಂಪುಟ ಒಪ್ಪಿದಾಗಲೂ ಇಷ್ಟೇ. ಸಿಮೆಂಟು, ಕಬ್ಬಿಣ, ಎಂ-ಸ್ಯಾಂಡಿಗೆ ಈ ವಿಷಯ ಯಾರೂ ತಿಳಿಸಿಲ್ಲ, ಅವು ತಮ್ಮ ಪಾಡಿಗೆ ಏರುತ್ತಿವೆ. ಈ ಹಣದಲ್ಲಿ ಅಡುಗೆಯ ಜಾಗವೂ ಸೇರಿ ಕನಿಷ್ಠ 25 ಚದರ ಮೀಟರ್ ಮನೆ ಆಗಬೇಕು. ಗುತ್ತಿಗೆದಾರನಿಗೆ ಕೊಡುವ ಹಾಗಿಲ್ಲ, ಫಲಾನುಭವಿಯೇ ಮುಂದೆ ನಿಂತು ಕಟ್ಟಿಸಬೇಕು. ಜೊತೆಗೆ ಉದ್ಯೋಗ ಖಾತ್ರಿಯ ಲೆಕ್ಕದಲ್ಲಿ 90 ದಿನಗಳ ಕೂಲಿಯನ್ನೂ ಯೋಜನೆ ಸೇರಿಸಿತ್ತು. ತನ್ನ ಮನೆಗೆ ತಾನೇ ದುಡಿದು ಕೂಲಿ ಪಡೆಯುವುದು! ಎಂಥ ಸ್ವಾವಲಂಬನೆ. ಕಲ್ಲು ಹೊರಲಾರದವರು ಏನು ಮಾಡಬೇಕು ಎಂಬ ಪ್ರಶ್ನೆ ಮಾರ್ಗಸೂಚಿ ಬರೆದವರಿಗೂ ಹೊಳೆದಿತ್ತು. ಅವರನ್ನು ಹಗುರವಾಗಿ ಕಾಣಬಾರದು, ಉತ್ತರವನ್ನೂ ಬರೆದಿದ್ದಾರೆ. ಫಲಾನುಭವಿ ಮುದುಕರೋ ಅಶಕ್ತರೋ ಅಂಗವಿಕಲರೋ ಆಗಿ ಸ್ವತಃ ಕಟ್ಟಿಸಿಕೊಳ್ಳಲಾಗದಿದ್ದರೆ ಅಂಥವರ ಮನೆಯನ್ನು ಗಾರೆ ಕೆಲಸದ ತರಬೇತಿ ಕಾರ್ಯಕ್ರಮದ ಭಾಗವಾಗಿ ಕಟ್ಟತಕ್ಕದ್ದು.

ಇದನ್ನು ಇನ್ನೊಮ್ಮೆ ಓದಿ. ಗಾರೆ ಕೆಲಸ ಇನ್ನೂ ಕಲಿಯುತ್ತಿರುವವರು ಮೊದಲು ಯಾರ ಮನೆಯ ಮೇಲೆ ಕೈ ಪಳಗಿಸಿಕೊಳ್ಳಬೇಕು? ಗೋಡೆ ವಾಲಿದರೆ ಓಡಲಾರದವರ ಮನೆಯ ಮೇಲೆ. ಉದ್ದೇಶ ಒಳ್ಳೆಯದೇ ಇರಬಹುದು. ಕೆಲಸ ಕಲಿಸುವ ಮೇಸ್ತ್ರಿ ಪಕ್ಕದಲ್ಲೇ ಇರುತ್ತಾನೆ ಎಂದೂ ವಾದಿಸಬಹುದು. ಹಾಗಾದರೆ ಇದೇ ತರಬೇತಿಯನ್ನು ಜಿಲ್ಲಾ ಪಂಚಾಯಿತಿ ಕಟ್ಟಡದಲ್ಲೋ ಎಂಜಿನಿಯರರ ಸ್ವಂತ ಮನೆಯಲ್ಲೋ ಏಕೆ ಇಡಲಿಲ್ಲ?

ಇನ್ನು ಮೆಟ್ಟಿಲಿನ ವಿಷಯ. ಮಳೆನೀರು ನುಗ್ಗಬಾರದೆಂದು ತಳಪಾಯವನ್ನು ನೆಲದಿಂದ ಎರಡಡಿ ಎತ್ತರಿಸಿದರು. ಮುಂದೆ ನಾಲ್ಕು ಮೆಟ್ಟಿಲು ಬಂತು. ಗಾಲಿಕುರ್ಚಿಯವಳಿಗೆ ಇಳಿಜಾರು ಬೇಕಲ್ಲವೇ ಎಂದು ಯಾರೋ ಕಿಡಿಗೇಡಿ ಕೇಳಿದ. ಸರ್ಕಾರದ ಅಳತೆಯ ಪ್ರಕಾರ ಒಂದಡಿ ಏರಲು ಹನ್ನೆರಡಡಿ ಉದ್ದದ ಇಳಿಜಾರು ಬೇಕು. ಎರಡಡಿಗೆ ಇಪ್ಪತ್ತನಾಲ್ಕು ಅಡಿ. ಪಂಚಾಯಿತಿ ಕೊಟ್ಟ ಸೈಟು 20 ಅಡಿ ಅಗಲ, 30 ಅಡಿ ಉದ್ದ. ಎಂಜಿನಿಯರ್ ಬಹಳ ಹೊತ್ತು ನಕ್ಷೆ ನೋಡಿ, ಕೊನೆಗೆ ಪ್ರಾಮಾಣಿಕವಾಗಿ ಕೇಳಿದರು: ‘ಅಕ್ಕಾ, ನಿಮಗೆ ಇಳಿಜಾರು ಬೇಕಾ, ಮನೆ ಬೇಕಾ? ಒಂದು ಹೇಳಿ.’

ತಳಪಾಯವನ್ನೇ ತಗ್ಗಿಸಬಹುದಿತ್ತು. ಮೂಲೆಯ ಸೈಟು ಕೊಡಬಹುದಿತ್ತು. ಇಳಿಜಾರನ್ನು ಗೋಡೆಯ ಬದಿಗೆ ಮಡಚಿ ತರಬಹುದಿತ್ತು. ಇವೆಲ್ಲ ನಕ್ಷೆ ಬರೆಯುವ ಮೊದಲು ಯೋಚಿಸಬೇಕಾದವು, ನಕ್ಷೆಯೋ ಎಲ್ಲರಿಗೂ ಒಂದೇ. ಕೊನೆಗೆ ರಾಜಿಯಾಗಿ ಆರಡಿ ಉದ್ದದ ಇಳಿಜಾರು ಕಟ್ಟಿದರು. ಕೇರಿಯ ಮಕ್ಕಳಿಗೆ ಅದು ಒಳ್ಳೆಯ ಜಾರುಬಂಡೆಯಾಗಿದೆ. ಕುರ್ಚಿಯನ್ನು ಅದರ ಮೇಲೆ ತಳ್ಳಿ ಹತ್ತಿಸಲು ಇಬ್ಬರು ಬೇಕು, ಇಳಿಸಲು ದೇವರು ಬೇಕು.

ಬಚ್ಚಲು, ಶೌಚಾಲಯ ಹಿತ್ತಲಿನಲ್ಲಿ. ಹಿತ್ತಲಿಗೆ ಇನ್ನೆರಡು ಮೆಟ್ಟಿಲು. ಕೇಂದ್ರದ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯ 2021ರಲ್ಲಿ ಹೊರಡಿಸಿದ ಮಾರ್ಗಸೂಚಿ ಬಾಗಿಲು 900 ಮಿಲಿಮೀಟರ್ ತೆರವಿರಲಿ, ಕುರ್ಚಿ ತಿರುಗಲು 1500 ಮಿಲಿಮೀಟರ್ ಜಾಗವಿರಲಿ ಎನ್ನುತ್ತದೆ. ಊರಿನ ಭಾಷೆಯಲ್ಲಿ ಮೂರಡಿ ಬಾಗಿಲು, ಐದಡಿ ಜಾಗ. ಕಟ್ಟಿದ ಶೌಚಾಲಯ ಮೂರಡಿಗೆ ನಾಲ್ಕಡಿ, ಬಾಗಿಲು ಎರಡಡಿ ಚಿಲ್ಲರೆ, ಅದೂ ಒಳಕ್ಕೆ ತೆರೆಯುವುದು. ‘ಅಕ್ಕಾ, ಆ ಮಾರ್ಗಸೂಚಿ ಏರ್‌ಪೋರ್ಟಿಗೆ’ ಎಂದರು ಎಂಜಿನಿಯರ್. ಏರ್‌ಪೋರ್ಟಿನಲ್ಲಿ ಮನುಷ್ಯ ಎರಡು ಗಂಟೆ ಇರುತ್ತಾನೆ. ಮನೆಯಲ್ಲಿ ಸಾಯುವವರೆಗೆ ಇರುತ್ತಾನೆ. ಈ ವ್ಯತ್ಯಾಸವನ್ನು ಗಮನಿಸಿದ ಸುತ್ತೋಲೆ ನನ್ನ ಕಣ್ಣಿಗೆ ಇನ್ನೂ ಬಿದ್ದಿಲ್ಲ.

ಹಣ ಬರುವುದು ಫೋಟೋ ನೋಡಿ. ತಳಪಾಯಕ್ಕೊಂದು, ಲಿಂಟಲ್‌ಗೊಂದು, ಛಾವಣಿಗೊಂದು, ಮುಗಿದ ಮೇಲೊಂದು ಜಿಪಿಎಸ್ ಫೋಟೋ ಆ್ಯಪಿಗೆ ಹೋಗಬೇಕು. ಒಂದೇ ಮನೆ ತೋರಿಸಿ ನಾಲ್ಕು ಬಿಲ್ ಎತ್ತುತ್ತಿದ್ದ ಕಾಲದ ಕಾಯಿಲೆಗೆ ಮಾಡಿದ ಮದ್ದು ಇದು, ಮದ್ದು ಕೆಲಸವನ್ನೂ ಮಾಡಿದೆ. ಆದರೆ ಫೋಟೋ ತೆಗೆಯುವವನಿಗೆ ಬೇಕಾದದ್ದು ಅಕ್ಷಾಂಶ, ರೇಖಾಂಶ ಮತ್ತು ಫಲಾನುಭವಿಯ ಮುಖ.

‘ನಿಂತ್ಕೊಳ್ಳಕ್ಕಾ, ಫೋಟೋ ತೆಗೀಬೇಕು.’

‘ನಿಂತ್ಕೊಳ್ಳೋಕಾಗಿದ್ರೆ ನಂಗ್ಯಾಕಪ್ಪಾ ಈ ಕೋಟಾದಲ್ಲಿ ಮನೆ ಬರೋದು? ಕೂತ್ಕೊಂಡೇ ತೆಗಿ.’

‘ಕುರ್ಚಿ ಅಡ್ಡ ಬಂದ್ರೆ ತಳಪಾಯ ಕಾಣಲ್ಲಕ್ಕಾ. ಬಿಲ್ ಪಾಸಾಗಲ್ಲ.’

ಕೊನೆಯ ಫೋಟೋದ ದಿನ ನಾಲ್ಕು ಜನ ಕುರ್ಚಿ ಸಮೇತ ಎತ್ತಿ ಅವಳನ್ನು ಹೊಸ್ತಿಲಲ್ಲಿ ಕೂರಿಸಿದರು. ಫೋಟೋ ಚೆನ್ನಾಗಿ ಬಂತು. ಆಮೇಲೆ ಎತ್ತಿ ಇಳಿಸಿ ಅಣ್ಣನ ಜಗುಲಿಗೆ ಬಿಟ್ಟು ಬಂದರು. ಹೊಸ ಮನೆಯಲ್ಲಿ ಈಗ ಅಣ್ಣನ ಮಗ ಸಂಸಾರ ಹೂಡಿದ್ದಾನೆ. ಗಟ್ಟಿಮುಟ್ಟಾದ ಹುಡುಗ, ನಾಲ್ಕು ಮೆಟ್ಟಿಲನ್ನು ಎರಡೇ ಹೆಜ್ಜೆಗೆ ಹತ್ತುತ್ತಾನೆ. ತಾಲ್ಲೂಕಿಗೆ ಹೋದ ವರದಿಯಲ್ಲಿ ಅಂಗವಿಕಲರ ವಸತಿ, ಸಾಧನೆ ಶೇಕಡಾ ನೂರು.

ಸರ್ಕಾರಕ್ಕೆ ಮೆಟ್ಟಿಲು ಹತ್ತಲು ಬರುವುದೇ ಇಲ್ಲ ಎಂದುಕೊಂಡೀರಿ. ಬರುತ್ತದೆ. 2023ರ ವಿಧಾನಸಭಾ ಚುನಾವಣೆ ನೆನಪಿಸಿಕೊಳ್ಳಿ. ಎಂಬತ್ತು ದಾಟಿದವರು ಮತ್ತು ನಲವತ್ತು ಪರ್ಸೆಂಟ್ ಅಂಗವೈಕಲ್ಯ ಇರುವವರು ಮನೆಯಿಂದಲೇ ಮತ ಹಾಕಬಹುದು ಎಂದು ಚುನಾವಣಾ ಆಯೋಗ ಅವಕಾಶ ಕೊಟ್ಟಿತು. 12-ಡಿ ಎಂಬ ಒಂದು ಫಾರಂ, ಅದನ್ನು ಭರ್ತಿ ಮಾಡಿಸಿಕೊಳ್ಳಲು ಮನೆಬಾಗಿಲಿಗೇ ಬಂದರು. ಆಮೇಲೆ ಚುನಾವಣಾ ಸಿಬ್ಬಂದಿ, ಪೊಲೀಸರು, ವಿಡಿಯೋ ಕ್ಯಾಮೆರಾ ಸಮೇತ ಮತಪೆಟ್ಟಿಗೆಯೇ ಬಂತು. ಸಂದಿಗೊಂದಿ ಹೊಕ್ಕು, ಮಹಡಿ ಹತ್ತಿ, ಹಾಸಿಗೆ ಹಿಡಿದವರ ಹಾಸಿಗೆಯ ಪಕ್ಕ ನಿಂತು, ಗೋಪ್ಯ ಕಾಪಾಡಿ ಮತ ಪಡೆದರು. ನಿಜಕ್ಕೂ ಮೆಚ್ಚುವ ಕೆಲಸ, ವ್ಯಂಗ್ಯವಿಲ್ಲದೆ ಹೇಳುತ್ತಿದ್ದೇನೆ. ನಮ್ಮ ಹೊಲಿಗೆಯವಳ ಜಗುಲಿಗೂ ಬಂದರು. ಅಂದು ಅವಳ ವಿಳಾಸಕ್ಕೆ ಅಣ್ಣನ ರೇಷನ್ ಕಾರ್ಡು ಅಡ್ಡ ಬರಲಿಲ್ಲ. ಸ್ಕೂಟರಿನ ಚಕ್ರ ಯಾರೂ ಎಣಿಸಲಿಲ್ಲ. ಹತ್ತು ಮತಕ್ಕೆ ಐದು ಪರ್ಸೆಂಟ್ ಅರ್ಧ ಮತವಾಗುತ್ತದೆ, ಕಂಪ್ಯೂಟರ್ ತಗೊಳ್ಳಲ್ಲ ಎಂದು ಯಾರೂ ಅನ್ನಲಿಲ್ಲ. ಒಂದು ಮತಕ್ಕಾಗಿ ಒಂದು ಜೀಪು ಹಳ್ಳಿಗೆ ಹೋಗುತ್ತದೆ. ಒಂದು ಬಾಗಿಲಿಗಾಗಿ ಒಂದು ಟೇಪು ಹೋಗುವುದಿಲ್ಲ.

2011ರ ಜನಗಣತಿ ಕರ್ನಾಟಕದಲ್ಲಿ 13.24 ಲಕ್ಷ ಅಂಗವಿಕಲರನ್ನು ಎಣಿಸಿತ್ತು. ಆಗ ಲೆಕ್ಕಕ್ಕೆ ಸಿಗುತ್ತಿದ್ದ ಬಗೆಗಳು ಕೆಲವೇ, ಹೊಸ ಕಾಯ್ದೆ 21 ಬಗೆಗಳನ್ನು ಹೆಸರಿಸಿದೆ. ಅಷ್ಟು ಬಗೆಗೂ ಮನೆಯ ನಕ್ಷೆ ಒಂದೇ ಎಂಬುದನ್ನು ಸಮಾನತೆಯ ಸಾಧನೆ ಎಂದೇ ತಿಳಿಯಬೇಕು. ಇವರಿಗೆಂದೇ ರಾಜ್ಯದಲ್ಲಿ ಇನ್ನೊಂದು ಯೋಜನೆಯಿದೆ, ದೇವರಾಜ ಅರಸು ವಸತಿ ಯೋಜನೆ. ವಿಶೇಷ ವರ್ಗದವರಿಗೆ ಎಂದು ಮೀಸಲು. ಅಂಗವಿಕಲರು, ಕುಷ್ಠರೋಗದಿಂದ ಗುಣವಾದವರು, ಎಚ್‌ಐವಿ ಬಾಧಿತರು, ದೇವದಾಸಿಯರು, ಅಲೆಮಾರಿಗಳು, ಸಫಾಯಿ ಕರ್ಮಚಾರಿಗಳು, ಜೀತದಿಂದ ಬಿಡುಗಡೆಯಾದವರು, ವಿಧವೆಯರು, ಲಿಂಗತ್ವ ಅಲ್ಪಸಂಖ್ಯಾತರು ಎಲ್ಲರೂ ಒಂದೇ ಸಾಲಿನಲ್ಲಿ. ಸಮಾಜ ಯಾರನ್ನೆಲ್ಲ ಊರಾಚೆ ಇಟ್ಟಿತ್ತೋ ಅವರನ್ನೆಲ್ಲ ಸರ್ಕಾರ ಒಂದೇ ಕಡತದಲ್ಲಿ ಇಟ್ಟಿದೆ. ಉಳುವವನಿಗೆ ನೆಲ ಕೊಡಿಸಿದ ಮುಖ್ಯಮಂತ್ರಿಯ ಹೆಸರು ಮೇಲೆ. ಆ ನೆಲದ ಮೇಲೆ ಎಷ್ಟು ಎತ್ತರಕ್ಕೆ ಹೊಸ್ತಿಲಿರಬೇಕು ಎಂಬ ಪ್ರಶ್ನೆ ಮಾತ್ರ ಇಲ್ಲೂ ಎದ್ದಿಲ್ಲ.

ನಗರದವರು ನಗಬೇಡಿ. ನಿಮ್ಮಲ್ಲಿ ಪಂಚಾಯಿತಿಯ ಬದಲು ಶಾಸಕರ ಅಧ್ಯಕ್ಷತೆಯ ಆಶ್ರಯ ಸಮಿತಿ, ಒಂಟಿ ಮನೆಯ ಬದಲು ನೆಲದ ಮೇಲೆ ಮೂರು ಅಂತಸ್ತು. ಲಿಫ್ಟಿಲ್ಲದ ಈ ಕಟ್ಟಡಗಳಲ್ಲಿ ಮನೆ ಹಂಚುವುದು ಲಾಟರಿ ಎತ್ತಿ. ಅಂಗವಿಕಲರಿಗೂ ಹಿರಿಯರಿಗೂ ನೆಲಮಹಡಿಯಲ್ಲಿ ಆದ್ಯತೆ ಕೊಡಿ ಎಂದು ನಗರದ ಆವಾಸ್ ಯೋಜನೆಯ ಮಾರ್ಗಸೂಚಿ ಹೇಳುತ್ತದೆ. ಲಾಟರಿ ಡಬ್ಬಿಗೆ ಓದು ಬರಹ ಬರುವುದಿಲ್ಲ.

ಕಾಲಿನ ಕಷ್ಟವನ್ನಾದರೂ ಟೇಪು ಹಿಡಿದು ಅಳೆಯಬಹುದು. ಮನಸ್ಸಿನ ಕಾಯಿಲೆ ಇರುವವರ, ಬುದ್ಧಿ ಬೆಳವಣಿಗೆ ಕುಂಠಿತವಾದವರ ಮನೆಯ ಪ್ರಶ್ನೆ ಗ್ರಾಮಸಭೆಯಲ್ಲಿ ಏಳುವುದೇ ಇಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಮನೆಯವರು ಸೇರಿಸುತ್ತಿಲ್ಲ, ಹೋಗಲು ಮನೆಯಿಲ್ಲ ಎಂಬ ಕಾರಣಕ್ಕೇ ಯಾರನ್ನೂ ಆಸ್ಪತ್ರೆಯಲ್ಲಿ ಉಳಿಸುವಂತಿಲ್ಲ, ಸಮಾಜದ ನಡುವೆ ಬಾಳುವುದು ಅವರ ಹಕ್ಕು. ಹಕ್ಕು ಕೊಟ್ಟಾಯಿತು. ಸಮಾಜದ ನಡುವಿನ ಆ ಮನೆ ಯಾವ ಬೀದಿಯಲ್ಲಿ ಎಂದು ಕೇಳಿದರೆ ನಗರಸಭೆ ಆರೋಗ್ಯ ಇಲಾಖೆಯನ್ನು, ಆರೋಗ್ಯ ಇಲಾಖೆ ಅಂಗವಿಕಲರ ಇಲಾಖೆಯನ್ನು ತೋರಿಸುತ್ತದೆ. ಬೀದಿಯವರು ಪಕ್ಕದ ಬೀದಿಯನ್ನು ತೋರಿಸುತ್ತಾರೆ. ‘ನಾವು ಕಣ್ಣು ಮುಚ್ಚಿದ ಮೇಲೆ ಈ ಮಗು ಎಲ್ಲಿರುತ್ತೆ’ ಎಂದು ಕೇಳುವ ತಂದೆ ತಾಯಿಗೆ ಯಾವ ಅರ್ಜಿ ನಮೂನೆಯಲ್ಲೂ ಕಾಲಂ ಇಲ್ಲ. ಆ ಮಗುವಿಗೆ ಮೂವತ್ತೈದು ವರ್ಷ.

ಹಣವೇ ಇಲ್ಲವೇ? ಇದೆ. ಸ್ಥಳೀಯ ಸಂಸ್ಥೆಗಳು ಅಂಗವಿಕಲರಿಗೆಂದು ಶೇ. 5ರ ನಿಧಿ ಎತ್ತಿಡಬೇಕು. ಈ ಹಣಕ್ಕೆ ವರ್ಷವಿಡೀ ನಿದ್ದೆ, ಮಾರ್ಚ್ ಬಂದಾಗ ಎಚ್ಚರ. ಮಾರ್ಚ್ 31ರೊಳಗೆ ಖರ್ಚಾಗಬೇಕಲ್ಲ, ಇದ್ದವರಿಗೇ ಇನ್ನೊಂದು ಗಾಲಿಕುರ್ಚಿ, ಒಂದು ಶಾಲು, ಒಂದು ವೇದಿಕೆ. ಮನೆಯೊಳಗೆ ಹೋಗದ ಗಾಲಿಕುರ್ಚಿ ಹೊಸದಾದರೇನು, ಹಳೆಯದಾದರೇನು? ಅದೇ ಹಣದಲ್ಲಿ ಬಚ್ಚಲ ಬಾಗಿಲು ಅಗಲ ಮಾಡಿಸಿ, ಗೋಡೆಗೊಂದು ಹಿಡಿಕಂಬಿ ಹಾಕಿಸಬಹುದು. ಆದರೆ ಬಚ್ಚಲಲ್ಲಿ ವೇದಿಕೆ ಹಾಕಲಾಗುವುದಿಲ್ಲ, ಶಾಸಕರನ್ನು ಕರೆಯಲಾಗುವುದಿಲ್ಲ. ಹಳ್ಳಿಯಲ್ಲಿ ಈ ಕೆಲಸದ ಮೇಲೆ ಓಡಾಡಬೇಕಾದವರು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಬಹುಪಾಲು ಅವರೂ ಅಂಗವಿಕಲರೇ, ಅವರಿಗೆ ಬರುವುದು ಸಂಬಳವಲ್ಲ, ಗೌರವಧನ. ಬಾಗಿಲ ಅಗಲ ಎಷ್ಟಿರಬೇಕೆಂದು ಇಡೀ ಪಂಚಾಯಿತಿಯಲ್ಲಿ ಗೊತ್ತಿರುವುದು ಅವರೊಬ್ಬರಿಗೆ. ನಕ್ಷೆ ತಯಾರಾಗುವಾಗ ಕರೆಯದೇ ಇರುವುದೂ ಅವರೊಬ್ಬರನ್ನೇ.

ನ್ಯಾಯಾಲಯ ಸುಮ್ಮನೆ ಕೂತಿಲ್ಲ. ಅಂಗವಿಕಲರ ಹಕ್ಕುಗಳ ಕಾಯ್ದೆಯ 45ನೇ ಸೆಕ್ಷನ್ ಪ್ರಕಾರ ನಿಯಮಗಳು ಬಂದ ಐದು ವರ್ಷದೊಳಗೆ ಇರುವ ಎಲ್ಲ ಸಾರ್ವಜನಿಕ ಕಟ್ಟಡಗಳೂ ಅಂಗವಿಕಲರು ಒಳಬರುವಂತೆ ಬದಲಾಗಬೇಕಿತ್ತು. ನಿಯಮ ಬಂದದ್ದು 2017ರ ಜೂನ್‌ನಲ್ಲಿ, ಗಡುವು ತೀರಿದ್ದು 2022ರಲ್ಲಿ. ರಾಜೀವ್ ರತೂರಿ ಎಂಬ ದೃಷ್ಟಿವಿಕಲರು 2005ರಲ್ಲಿ ಹೂಡಿದ್ದ ದಾವೆಯಲ್ಲಿ ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಇನ್ನೊಂದು ತೀರ್ಪು ಕೊಟ್ಟಿತು. ಕಾಯ್ದೆ ‘ಮಾಡಲೇಬೇಕು’ ಎಂದಿರುವಾಗ ನಿಯಮ ‘ಮಾಡಿದರೆ ಒಳ್ಳೆಯದು’ ಎನ್ನುವ ಮಾರ್ಗಸೂಚಿಗಳ ಪಟ್ಟಿಯಾಗಿದ್ದರೆ ಅದು ಕಾಯ್ದೆಗೇ ವಿರುದ್ಧ ಎಂದು 15(1)ನೇ ನಿಯಮವನ್ನು ತಳ್ಳಿಹಾಕಿತು. ಮೂರು ತಿಂಗಳಲ್ಲಿ ಕಡ್ಡಾಯ ನಿಯಮ ತನ್ನಿ ಎಂದಿತು. ಆ ತೀರ್ಪು ನಮ್ಮ ಪಂಚಾಯಿತಿ ಕಚೇರಿಯ ತನಕ ಬಂದು ಬಾಗಿಲಲ್ಲೇ ನಿಂತಿರಬೇಕು. ಅಲ್ಲಿಯೂ ಐದು ಮೆಟ್ಟಿಲಿವೆ.

ಓದುಗರಲ್ಲಿ ಒಂದು ಕೋರಿಕೆ. ನಿಮ್ಮೂರಿನ ಮುಂದಿನ ಗ್ರಾಮಸಭೆಗೆ ಹೋಗುವಾಗ ಅಳತೆ ಟೇಪು ಜೇಬಿನಲ್ಲಿರಲಿ. ಈ ವರ್ಷ ಅಂಗವಿಕಲರ ಪಾಲಿನಲ್ಲಿ ಕಟ್ಟಿದ ಮನೆ ಯಾವುದು ಎಂದು ಕೇಳಿ, ಅದರ ಬಚ್ಚಲ ಬಾಗಿಲು ಅಳೆದು ಬನ್ನಿ, ಅಲ್ಲಿ ವಾಸವಿರುವವರು ಯಾರು ಎಂದೂ ನೋಡಿ ಬನ್ನಿ. ಶೇ. 5ರ ನಿಧಿಯ ಲೆಕ್ಕ ಸಭೆಯಲ್ಲಿ ಓದಿಸಿ. ಅಳತೆ ಮೂರಡಿಗೆ ಕಡಿಮೆ ಬಂದಿದ್ದರೆ ಅದನ್ನು ನಡಾವಳಿಯಲ್ಲಿ ಬರೆಸಿ. ಬರೆದದ್ದನ್ನು ಕಣ್ಣಾರೆ ಓದುವವರೆಗೆ ಹಾಜರಿ ಪುಸ್ತಕಕ್ಕೆ ಸಹಿ ಹಾಕಬೇಡಿ.